ಮೂರು ಗೆರೆಯ ದಾರಿ

ಆ ಭಾನುವಾರ ಮಾಡಿದ ಕೆಲಸಗಳೆಲ್ಲ ನೆನಪಿವೆ. ನಲ್ಲಿ ನೀರು ಹಿಡಿದಿದ್ದು, ಅಕ್ಕಿ ಆರಿಸಿದ್ದು, ಒಲೆ ಸಾರಿಸಿದ್ದು, ಯಜಮಾನರ ಖಾಕಿ ಅಂಗಿಗೆ ಗುಂಡಿ ಹೊಲಿದಿದ್ದು, ಮಧ್ಯಾಹ್ನ ಅದೇ ಅಂಗಿಯನ್ನು ಕತ್ತರಿಸಿ ಅವರ ಮೈಯಿಂದ ಬಿಡಿಸಿದ್ದು.

ಆಗ ನಾವು ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಮೋಟಾರ್ ಸೈಕಲ್ ಇದ್ದ ಏಳೆಂಟು ಗಂಡಸರು ಭಾನುವಾರ ಕಾಡಿನ ಗಾಡಿದಾರಿಗಳಲ್ಲಿ ಸವಾರಿ ಹೋಗುತ್ತಿದ್ದರು. ಅವರಿಗೆಲ್ಲ ಗುರು ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಗ್ಯಾರೇಜಿಟ್ಟಿದ್ದ ಒಬ್ಬ ಸಾಬರು. ಪ್ರತಿ ದಾರಿಯನ್ನೂ ತಾವೊಬ್ಬರೇ ಮೊದಲು ಓಡಿಸಿ ನೋಡಿ, ಗ್ಯಾರೇಜಿನ ಬಾಗಿಲ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಹೊಳೆಹೊನ್ನೂರಿನ ಕಡೆಯ ಸಮದಾರಿಗೆ ಒಂದು ಗೆರೆ, ಮರಳು ಹಳ್ಳ ಇದ್ದರೆ ಎರಡು, ಕಲ್ಲಿನ ಇಳಿಜಾರಿಗೆ ಮೂರು. ಸವಾರರಿಗೂ ಪರೀಕ್ಷೆಯಿತ್ತು; ಹೆಸರಿನ ಮುಂದೆ ಎಷ್ಟು ಗೆರೆಯೋ ಅಷ್ಟು ಗೆರೆಯ ದಾರಿಗಷ್ಟೇ ಹೋಗಬಹುದು. ಏರಿನ ಮಧ್ಯೆ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡಬೇಕು. ಮರಳನ್ನು ಕಾಲೂರದೆ ದಾಟಬೇಕು. ನಮ್ಮನೆಯವರು ಎರಡೂ ಕಾಲು ಊರಿದರು. ಅವರ ಹೆಸರಿನ ಮುಂದೆ ಒಂದೇ ಗೆರೆ ಬಿತ್ತು. ಮೂರು ಗೆರೆ ಬಿದ್ದದ್ದು ಅವರ ಕೈಕೆಳಗಿನ ಫಿಟ್ಟರಿಗೆ.

ಆ ತಿಂಗಳೇ ನಮ್ಮನೆಯವರಿಗೆ ಬಡ್ತಿಯಾಗಿತ್ತು. ನಮ್ಮಲ್ಲಿ ಎಲ್ಲವೂ ಹುದ್ದೆಯ ಪ್ರಕಾರ ನಡೆಯುತ್ತಿತ್ತು. ಮನೆಗೆ ಎಷ್ಟು ಕೋಣೆ, ಸಮಾರಂಭದಲ್ಲಿ ಎಷ್ಟನೆಯ ಸಾಲಿನ ಕುರ್ಚಿ, ಎಲ್ಲ. ಕಾಡಿನ ಕಲ್ಲೂ ಹುದ್ದೆ ವಿಚಾರಿಸಿ ದಾರಿ ಬಿಡುತ್ತದೆ ಎಂದುಕೊಂಡರು ಈ ಜನ. ಆಫೀಸಿನ ಹೆಡ್ ಗುಮಾಸ್ತರು, ಸಾಹೇಬರು ಕಲಿಯುವವರ ಗುಂಪಿನಲ್ಲಿ ಹೋಗುವುದೇ ಎಂದು ಸೀಮೆಸುಣ್ಣ ಕಿತ್ತುಕೊಂಡು ಇನ್ನೆರಡು ಗೆರೆ ಎಳೆದರಂತೆ. ಸಾಬರು ಬೇಡವೆಂದರಂತೆ. ಇವರು ಬಾಯಿ ಬಿಡಲಿಲ್ಲವಂತೆ. ಹಾಗೆ ಸುಮ್ಮನೆ ನಿಂತರಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಆ ಭಾನುವಾರ ಬೆಳಿಗ್ಗೆ ಗುಂಡಿ ಹೊಲಿಯುತ್ತಲೇ ಕೇಳಿದ್ದೆ. "ಮರಳಲ್ಲಿ ಕಾಲೂರೋರು ಕಲ್ಲಲ್ಲಿ ಏನು ಊರ್ತೀರಿ?"

"ಫಿಟ್ಟರ್ ಮೂರು ಗೆರೆ, ನಾನು ಒಂದು ಗೆರೆ. ನಾಳೆ ಕಾರ್ಖಾನೇಲಿ ನನ್ನ ಮಾತು ಯಾರು ಕೇಳ್ತಾರೆ ಮಾರಾಯ್ತಿ?"

ಮಧ್ಯಾಹ್ನ ಇವರನ್ನು ಲಾರಿಯಲ್ಲಿ ತಂದು ಇಳಿಸಿದರು. ಮೊದಲನೇ ಇಳಿಜಾರಿನಲ್ಲೇ ಹೆದರಿ ಮುಂದಿನ ಬ್ರೇಕು ಹಿಡಿದು, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದಿದ್ದರು. ಭುಜದ ಎಲುಬು ಮುರಿದಿತ್ತು. ಕೈಯನ್ನು ತನ್ನ ಟವೆಲಿನಿಂದ ಎದೆಗೆ ಕಟ್ಟಿ ಜೋಪಾನವಾಗಿ ಕರೆತಂದವನು ಅದೇ ಫಿಟ್ಟರು. ಡಾಕ್ಟರು ಮನೆಗೇ ಬಂದು ಪಟ್ಟಿ ಕಟ್ಟಿದರು.

ಹೆಡ್ ಗುಮಾಸ್ತರು ಜಗುಲಿಯಲ್ಲಿ ಕೂತು ಗ್ರಹಚಾರ, ಗ್ರಹಚಾರ ಎನ್ನುತ್ತಿದ್ದರು.

"ಗ್ರಹಚಾರ ಅಲ್ಲ ಸ್ವಾಮಿ, ನಿಮ್ಮ ಸೀಮೆಸುಣ್ಣ," ಎಂದೆ. ನಮ್ಮ ಮನೆಯಿಂದ ಕಾಫಿ ಕುಡಿಯದೆ ಎದ್ದು ಹೋದವರು ಅವರೊಬ್ಬರೇ.

ಸಂಜೆ ಸಾಬರು ಸೊಟ್ಟಗಾದ ಮೋಟಾರ್ ಸೈಕಲನ್ನು ತಳ್ಳಿಕೊಂಡು ಬಂದರು. ಗೆರೆ ಅಳಿಸದೆ ಬಿಟ್ಟದ್ದು ತಮ್ಮದೇ ತಪ್ಪು ಎಂದು ತಲೆ ತಗ್ಗಿಸಿದರು. "ನಾನು ಗೆರೆ ಹಾಕೋದು ಕೈ ನೋಡಿ ಅಕ್ಕಾ, ಕುರ್ಚಿ ನೋಡಿ ಅಲ್ಲ." ಅವರಿಗೆ ಕಾಫಿ ಕೊಟ್ಟೆ.

ಒಳಗಿಂದ ಇವರ ದನಿ ಬಂತು. "ಸಾಬ್ರೇ, ನಂಗೆ ಒಂದೇ ಗೆರೆ ಸಾಕು."

"ಈಗ ಅದೂ ಇಲ್ಲ ಸಾಹೇಬ್ರೇ. ಮೊದಲು ಆ ಕೈ ಮೇಲೆತ್ತಿ, ಆಮೇಲೆ ನೋಡೋಣ."

ರಾತ್ರಿಗೆ ಅನ್ನ, ಹುರುಳಿ ಸಾರು. ಇವರಿಗೆ ಮಾತ್ರ ಗಂಜಿ, ನಿಂಬೆ ಉಪ್ಪಿನಕಾಯಿ. ಚಮಚದಿಂದ ತಿನ್ನಿಸಿದೆ. ದಿನವೂ ನಾನು ತಟ್ಟೆ ತೊಳೆಯುವಷ್ಟರಲ್ಲಿ ಗೊರಕೆ ಹೊಡೆಯುವವರು ಅಂದು ನೋವಿಗೆ ಕಣ್ಣು ಬಿಟ್ಟುಕೊಂಡೇ ಇದ್ದರು. ಮೊದಲು ಮಲಗಿದ್ದು ನಾನು, ಗೋಡೆಯ ಕಡೆ ತಿರುಗಿ.