ಮೊದಲು ಸೀಮೆಸುಣ್ಣ, ಆಮೇಲೆ ಮಾಡೆಲ್

ಮೊನ್ನೆ ನಾಗಸಂದ್ರದಲ್ಲಿ ಮಗಳ ಶಾಲೆಗೆ ಹೋಗಿದ್ದಾಗ ಸೀಮೆಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ ಸಾಕಾಯಿತು... ಆಫೀಸಿನ ನಮ್ಮ ಮೇಡಂ ಕಣ್ಣೆದುರಿಗೇ ಬಂದು ನಿಂತಂತಾಯಿತು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ತಂಡಕ್ಕೆ ಅವರೇ ಮುಖ್ಯಸ್ಥೆ. ವರ್ತೂರಿನ ಹಳೇ ಮನೆತನದವರು. ಸರ್ಕಾರದ ಹಿಡಿತ ಬಿಟ್ಟು ಮಾರುಕಟ್ಟೆಗೆ ಹೊರಳಿದ ದೇಶಗಳ ಲೆಕ್ಕವನ್ನು ಕಂಪ್ಯೂಟರ್ ಮಾಡೆಲ್‌ನಲ್ಲಿ ಹಾಕಿ, ಒಂದೇ ನೀತಿ ಎಲ್ಲೆಲ್ಲಿ ಏನೇನು ಮಾಡಿತೆಂದು ಹೋಲಿಸುವುದು ನಮ್ಮ ಕೆಲಸ. ಗಾಜಿನ ಗೋಡೆಗಳ ಆ ಆಫೀಸಿಗೆ ಮೇಡಂ ಹಟ ಹಿಡಿದು ಕರಿಹಲಗೆ ತರಿಸಿದ್ದರು. ಮಾಡೆಲ್ ಓಡಿಸುವ ಮುನ್ನ, ಬೆಲೆಯ ಗೆರೆ ಎತ್ತ ಹೋಗುತ್ತದೆಂದು ಪ್ರತಿಯೊಬ್ಬರೂ ಅದರ ಮೇಲೆ ಎಳೆಯಲೇಬೇಕು. ಸರಿ ಬಂದವರಿಗೆ ಏನೂ ಇಲ್ಲ. ತಪ್ಪಾದವರಿಗೆ ಮೇಡಂ ಖರ್ಚಿನಲ್ಲಿ ಟೀ, ಬಿಸಿಬಿಸಿ ಬೋಂಡ!

ಒಂದು ಪ್ರಾಜೆಕ್ಟ್ ಕುತ್ತಿಗೆಗೆ ಬಂದಿತ್ತು. ಎರಡು ದೇಶಗಳು ಬೆಲೆ ನಿಯಂತ್ರಣವನ್ನು ಒಂದೇ ಏಟಿಗೆ ಕಿತ್ತು ಹಾಕಿದ್ದವು. ಆಮೇಲೆ ಅಲ್ಲಿ ನಿಜವಾಗಿ ಆದದ್ದನ್ನು ನಮ್ಮ ಮಾಡೆಲ್ ತೋರಿಸದಿದ್ದರೆ ಪ್ರಾಜೆಕ್ಟ್ ಬಂದ್; ಹೊಸಬಳಾದ ನನ್ನ ಕೆಲಸವೂ ಹೋದಂತೆಯೇ. ಮೇಡಂ ಸೇರಿ ನಾವೆಲ್ಲ ಎಳೆದದ್ದು ಒಂದೇ ಥರದ ಗೆರೆ: ಬೆಲೆ ಜಿಗಿಯುತ್ತದೆ, ಆಮೇಲೆ ತಣ್ಣಗಾಗುತ್ತದೆ. ಮಾಡೆಲ್ ಕೂಡ ಹಾಗೇ ಅಂದಿತು. ನಿಜವಾದ ಅಂಕಿಗಳನ್ನು ತೆರೆದು ನೋಡಿದರೆ ಮೊದಲ ದೇಶದಲ್ಲಿ ಹಾಗೇ ಆಗಿತ್ತು. ಎರಡನೆಯದರಲ್ಲಿ ಬೆಲೆ ಏರುತ್ತಲೇ ಹೋಗಿತ್ತು.

ನನ್ನ ಕೆಲಸ ಹೋಯಿತು ಅಂದುಕೊಂಡೆ. ಮೇಡಂ ಮಾತ್ರ ಚಪ್ಪಾಳೆ ತಟ್ಟಿದರು! ಮೀಟಿಂಗಿನಲ್ಲಿ ಬರೀ ಇಂಗ್ಲಿಷ್ ಮಾತಾಡುವವರು, ಖುಷಿಯಾದರೆ ಸೀದಾ ವರ್ತೂರಿನ ಮಾತಿಗೆ ಇಳಿಯುತ್ತಿದ್ದರು.

"ನಾವೆಲ್ಲಾ ತಪ್ಪು ಕಣ್ರೋ! ಅಂಗಾದ್ರೆ ಇಲ್ಲೇನೋ ಐತೆ. ಬೆಲೆ ಬಿಟ್ರು, ಸರಿ. ನಷ್ಟದಲ್ಲಿರೋ ಫ್ಯಾಕ್ಟ್ರಿಗಳಿಗೆ ನೋಟು ಅಚ್ಚಾಕಿ ಕೊಡೋದು ನಿಲ್ಸಿದ್ರಾ?"

ನಿಲ್ಲಿಸಿರಲಿಲ್ಲ! ಮೊದಲ ದೇಶ ನಿಲ್ಲಿಸಿತ್ತು, ಎರಡನೆಯದು ಇಲ್ಲ. ನಮ್ಮ ಮಾಡೆಲ್‌ಗೆ ಆ ಸುದ್ದಿಯೇ ಗೊತ್ತಿರಲಿಲ್ಲ. ಅದನ್ನು ಸೇರಿಸಿ ಮತ್ತೆ ಓಡಿಸಿದೆ. ಎರಡನೆಯ ಗೆರೆ ಪರದೆಯ ಮೇಲೆ ಏರತೊಡಗಿತು ನೋಡಿ... ಅಬ್ಬಾ! ಕುರ್ಚಿ ಬಿಟ್ಟು ಕುಣಿದುಬಿಟ್ಟೆ. ಪ್ರಾಜೆಕ್ಟ್ ಉಳಿಯಿತು, ನಾನೂ ಉಳಿದೆ. ಅವತ್ತು ಇಡೀ ತಂಡಕ್ಕೆ ಬೋಂಡ.

ಈಗ ಆ ತಂಡಕ್ಕೆ ನಾನೇ ಮುಖ್ಯಸ್ಥೆ. ಮಗಳ ಟೀಚರನ್ನು ಕೇಳಿ ಒಂದು ತುಂಡು ಸೀಮೆಸುಣ್ಣ ತಂದೆ. ಸ್ಟೋರ್ ರೂಮಿನಲ್ಲಿ ಬಿದ್ದಿದ್ದ ಕರಿಹಲಗೆಯನ್ನು ಹೊರಗೆ ತರಿಸಿದೆ. ಈಗ ನೋಡುತ್ತಿರುವ ದೇಶದ ಗೆರೆ ಎಳೆದು ಮಾಡೆಲ್ ಓಡಿಸಿದೆ. ಪೂರ್ತಿ ತಪ್ಪು! ಇಳಿಯುತ್ತದೆ ಅಂದುಕೊಂಡದ್ದು ಏರಿತ್ತು. ಹೇಳಲೇಬೇಕೆಂದು ಫೋನ್ ತೆಗೆದು ಮೇಡಂ ನಂಬರ್ ಹುಡುಕಿಯೂ ಬಿಟ್ಟೆ...

ಹೋದ ವರ್ಷವೇ ತೀರಿಕೊಂಡರಲ್ಲ ಅವರು. ಇಷ್ಟು ಚೆನ್ನಾಗಿ ತಪ್ಪು ಮಾಡಿದ್ದೇನೆ, ಬೋಂಡ ಕೊಡಿಸುವವರೇ ಇಲ್ಲ.