ಮೊಮ್ಮಗಳ ಹವಳ, ನನ್ನ ಬಕೆಟ್ಟು

ನನ್ನ ಮೊಮ್ಮಗಳು ಚೈತ್ರಾಳ ಹವಳದ ತೊಟ್ಟಿ ಹಾಳಾದದ್ದು ಅವಳಿಂದಲ್ಲ, ನನ್ನಿಂದ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಮನೆಯವರೆಲ್ಲರ ಮುಂದೆ ಅವಳಿಗೆ, "ನಿನ್ನ ಕೈಗುಣ ಸರಿಯಿಲ್ಲ ಕಣೆ" ಎಂದೆ. ಏಳು ವರ್ಷವಾಯಿತು. ಆ ಮಾತನ್ನು ಅವಳು ಇನ್ನೂ ನಂಬಿಕೊಂಡಿದ್ದಾಳೆ. ನಾನು ಇನ್ನೂ ಬಾಯಿ ಬಿಟ್ಟಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದು ನಿಧಾನ. ಯಾರ ಕೈಲಾದರೂ ಬರೆಸೋಣವೆಂದರೆ ಮನೆಯಲ್ಲಿರುವವಳು ಸೊಸೆ ಸುಮಿತ್ರ — ಅವಳೇ ಆ ಹುಡುಗಿಯ ತಾಯಿ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮದು ಶನಿವಾರಸಂತೆ ಕಡೆ ಮೂರೆಕರೆ ಕಾಫಿ ತೋಟ. ಮಗ ರಘು ಕುಶಾಲನಗರದಲ್ಲಿ ಪಂಪು, ಸ್ಪ್ರೇಯರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಸಮುದ್ರದ ಮೀನು ಸಾಕುವ ಹುಚ್ಚು ಮೊದಲು ಹತ್ತಿದ್ದು ಅವನಿಗೆ. ಮಂಗಳೂರಿಗೆ ಸಾಮಾನು ತರಲು ಹೋದವನು ಯಾರದೋ ಅಂಗಡಿಯಲ್ಲಿ ನೋಡಿ ಬಂದ. ಆರಡಿ ಗಾಜಿನ ತೊಟ್ಟಿ, ನೀಲಿ ದೀಪ, ನೀರು ತಿರುಗಿಸಲು ಮೋಟಾರು, ಚೀಲದಲ್ಲಿ ಬರುವ ಸಮುದ್ರದ ಉಪ್ಪು. ಗುಡ್ಡದ ಮೇಲೆ ಕೂತು ಸಮುದ್ರ ಮಾಡಲು ಹೊರಟವನಿಗೆ ನಾನು ಬೈದದ್ದು ಅಷ್ಟಿಷ್ಟಲ್ಲ. "ಸಾರು ಮಾಡಕ್ಕಾಗ್ದಿದ್ ಮೀನು ಯಾಕ್ಲಾ ನಿಂಗೆ?" ಎಂದರೆ, "ನೋಡಕ್ಕೆ ಕಣವ್ವ" ಎನ್ನುತ್ತಿದ್ದ.

ಚೈತ್ರಾಳ ತೊಟ್ಟಿ ಹುಟ್ಟಿದ್ದು ಅಪ್ಪನ ತೊಟ್ಟಿಯ ಮುರುಕಿನಿಂದ. ಅವನು ತೊಳೆಯುವಾಗ ಮುರಿದು ಬಿದ್ದ ಹವಳದ ಚೂರುಗಳನ್ನು ಅವಳು ಆರಿಸಿಕೊಂಡು, ಕಲ್ಲಿನ ಬಿಲ್ಲೆಗಳಿಗೆ ಅಂಟಿಸಿ, ಮೂಲೆಯಲ್ಲಿ ಬಿದ್ದಿದ್ದ ಎರಡಡಿ ತೊಟ್ಟಿಯಲ್ಲಿ ಇಟ್ಟಳು. ಹವಳ ಎಂದರೆ ಕೊರಳಿಗೆ ಹಾಕುವ ಕೆಂಪು ಮಣಿ ಎಂದಷ್ಟೇ ತಿಳಿದಿದ್ದವಳು ನಾನು. ಅದಕ್ಕೆ ಜೀವವಿದೆ, ಬಾಯಿದೆ, ಬೆಳೆಯುತ್ತದೆ ಎಂದು ತೋರಿಸಿದವಳು ಅವಳು. "ನೀನು ಮೆಣಸಿನ ಬಳ್ಳಿ ಕಡ್ಡಿ ನೆಡ್ತೀಯಲ್ಲ ಅಜ್ಜಿ, ಹಂಗೇನೆ." ಆಗ ಅವಳಿಗೆ ಹದಿನೈದು. ಎರಡು ವರ್ಷದಲ್ಲಿ ಆ ಚೂರುಗಳು ಅಂಗೈ ಅಗಲವಾದವು. ಅಪ್ಪನ ತೊಟ್ಟಿಯಲ್ಲಿ ಬಣ್ಣದ ಮೀನು ಜಾಸ್ತಿ. ಬೆಳೆ ಮಾತ್ರ ಇವಳದರಲ್ಲಿ. ಮಂಗಳೂರಿನಲ್ಲಿ ಮೀನಿನ ವಿಷಯವನ್ನೇ ಕಲಿಸುವ ಕಾಲೇಜಿದೆ, ಅಲ್ಲಿಗೇ ಸೇರುತ್ತೇನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ನನ್ನ ಕೈಗುಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ನೆಟ್ಟದ್ದು ಸಾಯುವುದಿಲ್ಲ ಎಂದು ನಮ್ಮ ಕಡೆ ಹೆಸರು. ಮೆಣಸಿನ ಕಡ್ಡಿ ನೆಡುವಾಗ ಮೊದಲ ಕಡ್ಡಿ ಊರಲು ಪಕ್ಕದ ತೋಟದವರು ಕರೆಯುತ್ತಿದ್ದರು. ಇನ್ನೊಂದು ಹೆಸರೂ ಇತ್ತು — ಮುದುಕಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ, ಯಾರ ಮುಲಾಜೂ ಇಲ್ಲ ಎಂದು. ಎರಡೂ ಹೆಸರು ನನಗೆ ಬಲು ಇಷ್ಟ.

ಏಳು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಅಂಗಡಿಗೆ ಹತ್ತಿರವಾಗಲೆಂದು ಕುಶಾಲನಗರಕ್ಕೆ ಮನೆ ಬದಲಿಸಿದೆವು. ಮೀನು, ಹವಳಗಳನ್ನೆಲ್ಲ ಡ್ರಮ್ಮುಗಳಲ್ಲಿ ತುಂಬಿ ಜೀಪಿನಲ್ಲಿ ತಂದರು. ಹೊಸ ಮನೆಯ ಇನ್ವರ್ಟರು ಒಂದು ತೊಟ್ಟಿಯ ಮೋಟಾರನ್ನು ಮಾತ್ರ ಓಡಿಸುತ್ತದೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು; ಅರ್ಧ ದಿನ ನೀರು ತಿರುಗದಿದ್ದರೆ ಒಳಗಿರುವುದೆಲ್ಲ ಉಸಿರುಕಟ್ಟಿ ಸಾಯುತ್ತದೆ. ಮಳೆ ಹಿಡಿಯುವುದರೊಳಗೆ ಒಂದನ್ನು ಉಳಿಸಿಕೊಂಡು, ಇನ್ನೊಂದನ್ನು ಮೈಸೂರಿನ ಒಬ್ಬರಿಗೆ ಕೊಡುವುದೆಂದು ಮಾತಾಯಿತು. ಅವರೂ ಇಂಥದ್ದೇ ಹುಚ್ಚಿನವರು, ರಘುವಿನ ಗುರುತಿನವರು.

ಯಾವುದು ಉಳಿಯಬೇಕು? ಅಪ್ಪ ಮಗಳು ಮೂರು ದಿನ ಜಗಳವಾಡಿದರು. ಕೊನೆಗೆ ರಘು, "ಅವ್ವ ಹೇಳ್ಲಿ. ಅವ್ವ ಹೇಳಿದ್ದೇ ಫೈನಲ್" ಎಂದ. ಚೈತ್ರಾ ಒಪ್ಪಿದಳು.

ಹತ್ತು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಈಗ ನೋಡಿ — ಮಗ ಅಂಗಡಿಯಿಂದ ಬರುತ್ತ ನನಗೆಂದು ಖಾರಾಸೇವು ತರುತ್ತಿದ್ದ, ಸ್ಟೂಲು ಎಳೆದು ತನ್ನ ತೊಟ್ಟಿಯ ಮುಂದೆ ಕೂರಿಸುತ್ತಿದ್ದ. "ನೋಡವ್ವ, ಆ ಹಳ್ದಿ ಮೀನು ನಿನ್ನ ಮುಖ ನೋಡ್ಕಂಡೇ ಬತ್ತದೆ." ಮೊಮ್ಮಗಳು ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತ, "ಅಪ್ಪಂದು ಬರೀ ಶೋಕಿ ಅಜ್ಜಿ. ನಂದು ಬೆಳೀತಾ ಇದೆ, ನಿಂಗೇ ಗೊತ್ತಲ್ಲ" ಎನ್ನುತ್ತಿದ್ದಳು. ಸುಮಿತ್ರ ರೊಟ್ಟಿ ತಟ್ಟುತ್ತಲೇ ಚುಚ್ಚುತ್ತಿದ್ದಳು: "ಅತ್ತೆಗೆ ಹೈಕೋರ್ಟು ಜಡ್ಜಿನ ಕುರ್ಚಿ ಸಿಕ್ಕೈತೆ. ಸುಲಭಕ್ಕೆ ಇಳಿಯಲ್ಲ ಬಿಡಿ."

ಅವಳು ಹೇಳಿದ್ದು ನಿಜ. ಮೊಮ್ಮಗಳದೇ ಉಳಿಯಲಿ ಎಂದು ನಾನು ಮೊದಲ ವಾರದಲ್ಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿದ್ದೆ. ಹೇಳಲಿಲ್ಲ. ಹೇಳಿಬಿಟ್ಟರೆ ಸ್ಟೂಲು ಹೋಗುತ್ತದೆ, ಖಾರಾಸೇವು ಹೋಗುತ್ತದೆ... ಅಂದೇ ಹೇಳಿದ್ದರೆ, ಹುಡುಗಿ ತನ್ನ ತೊಟ್ಟಿಯನ್ನು ನಡುಮನೆಯಲ್ಲಿ ಇಡಿಸಿ, ಅಪ್ಪನ ಕೈಗೆ ಒಪ್ಪಿಸಿ ಪರೀಕ್ಷೆಗೆ ಹೋಗುತ್ತಿದ್ದಳು. ನಾನು ಬಾಯಿ ಕಟ್ಟಿಕೊಂಡದ್ದರಿಂದ ಅದು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ, ನನ್ನ ಕಾವಲಿನಲ್ಲಿ ಉಳಿಯಿತು.

ಅವಳು ಕಾಲೇಜಿನ ಸೀಟಿನ ಪರೀಕ್ಷೆ ಬರೆಯಲು ನಾಲ್ಕು ದಿನ ಮೈಸೂರಿಗೆ, ಸೋದರಮಾವನ ಮನೆಗೆ ಹೊರಟಳು. ತೊಟ್ಟಿಯ ನೀರು ದಿನವೂ ಒಂದಿಷ್ಟು ಆರುತ್ತದೆ. ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಕುಡಿಯುವ ಫಿಲ್ಟರಿನ ನೀರನ್ನು ಗುರುತಿನ ಗೆರೆಯವರೆಗೆ ಹಾಕಬೇಕು. ಅದಕ್ಕೆಂದೇ ಒಂದು ಬಿಳಿ ಜಗ್ಗು ಇಟ್ಟಿದ್ದಳು. "ಇದೊಂದೇ ಅಜ್ಜಿ. ಬೇರೆ ಯಾವ ಪಾತ್ರೆನೂ ಮುಟ್ಟಿಸ್ಬೇಡ. ಅಪ್ಪಂಗೆ ಹೇಳಿದ್ರೆ ಮರೀತಾರೆ, ಅಮ್ಮಂಗೆ ಟೈಮಿಲ್ಲ. ನಿನ್ ಕೈಲಾದ್ರೆ ನಂಗೆ ಚಿಂತೆ ಇಲ್ಲ."

ಫಿಲ್ಟರಿನ ನೀರು ದಾರದ ಹಾಗೆ ಬರುತ್ತದೆ. ಒಂದೊಂದು ಜಗ್ಗು ತುಂಬುವವರೆಗೆ ನಿಲ್ಲಲು ನನ್ನ ಮಂಡಿ ಕೇಳಲಿಲ್ಲ. ಮಂಡಿಯ ಮೇಲೇಕೆ ಹಾಕಲಿ — ಯಾವ ಪಾತ್ರೆ ಮುಟ್ಟಬೇಕೆಂದು ನಿನ್ನೆ ಮೊನ್ನೆ ಹುಟ್ಟಿದವಳು ನನಗೆ ಹೇಳುವುದೇ ಎಂಬ ಧಿಮಾಕೂ ಇತ್ತು. ತೋಟದ ಮನೆಯಿಂದ ತಂದಿದ್ದ ನೀಲಿ ಬಕೆಟ್ಟನ್ನು ಫಿಲ್ಟರಿನ ಕೆಳಗಿಟ್ಟು, ಬೇರೆ ಕೆಲಸ ನೋಡಿಕೊಂಡು, ತುಂಬಿದ ಮೇಲೆ ತೊಟ್ಟಿಗೆ ಸುರಿದೆ. ಆ ಬಕೆಟ್ಟಿನಲ್ಲೇ ನಾವು ವರ್ಷವೂ ಮಳೆಗೆ ಮುಂಚೆ ಕಾಫಿ ಗಿಡಕ್ಕೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ಔಷಧಿಗೆ ಮೈಲುತುತ್ತದ ನೀಲಿ ಹರಳು ಕರಗಿಸುತ್ತಿದ್ದದ್ದು. ಬೂದಿ ಹಾಕಿ ತಿಕ್ಕಿ ತೊಳೆದಿದ್ದೆ. ಸಾಕೆಂದುಕೊಂಡೆ. ಮೂರು ದಿನ ಹಾಗೆಯೇ ಹಾಕಿದೆ.

ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ, ಗಾಜು ಹಿಡಿದು ತೆವಳುತ್ತಿದ್ದ ಪುಟ್ಟ ಶಂಖದ ಹುಳುಗಳೆಲ್ಲ ತಳಕ್ಕೆ ಉದುರಿ ಬಿದ್ದಿದ್ದವು. ಸೀಗಡಿ ಮಗುಚಿಕೊಂಡಿತ್ತು. ಹವಳಗಳು ಬಾಯಿ ಮುಚ್ಚಿ ಮೈ ಒಳಗೆ ಎಳೆದುಕೊಂಡಿದ್ದವು. ಎರಡು ಮೀನು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು.

ಶನಿವಾರಸಂತೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಶುರುವಾದರೆ ನಮ್ಮ ತೋಟಗಳಿಗೆ ಅಂಗೈ ಗಾತ್ರದ ಶಂಖದ ಹುಳು ಮುತ್ತುತ್ತವೆ. ಸಸಿ ಮಡಿಯ ಸುತ್ತ ಮೈಲುತುತ್ತ ಹೊಡೆದರೆ ಹೀಗೆಯೇ ಹಿಡಿತ ಬಿಟ್ಟು ಬೀಳುತ್ತವೆ. ಎಷ್ಟು ವರ್ಷ ನಾನೇ ಅವನ್ನು ಗುಡಿಸಿ ಹಾಕಿದ್ದೇನೆ! ನೋಡಿದ ಕೂಡಲೇ ತಿಳಿಯಿತು. ಹೋಗಿ ಬಕೆಟ್ಟಿನ ಅಂಚು ತಿರುವಿ ನೋಡಿದೆ. ಅಂಚಿನ ಮಡಿಕೆಯೊಳಗೆ ಮೈಲುತುತ್ತದ ಕರೆ, ಉಗುರಿನಲ್ಲಿ ಕೆರೆದರೆ ಪುಡಿ ಬಂತು.

ಇಲ್ಲಿಯವರೆಗಿನದು ತಪ್ಪು. ಇಲ್ಲಿಂದ ಮುಂದಿನದಕ್ಕೆ ಬೇರೆ ಹೆಸರು ಬೇಕು.

ಬಕೆಟ್ಟಿಗೆ ಮಣ್ಣು ತುಂಬಿ ಪುದೀನ ಊರಿದೆ. ಜಗ್ಗನ್ನು ಒದ್ದೆ ಮಾಡಿ ಮೊದಲಿನ ಜಾಗದಲ್ಲಿಟ್ಟೆ.

ಸಂಜೆ ಹುಡುಗಿ ಬಂದಳು. ಬ್ಯಾಗು ಹೆಗಲಿನಿಂದ ಇಳಿಸಿರಲಿಲ್ಲ. ತೊಟ್ಟಿಯ ಮುಂದೆ ಕೂತುಬಿಟ್ಟಳು. ಅಳಲಿಲ್ಲ. ಉಪ್ಪು ಅಳೆದಳು, ಬಿಸಿ ಅಳೆದಳು, ಎಲ್ಲ ಸರಿಯಿತ್ತು. "ಅಜ್ಜಿ, ಜಗ್ಗಲ್ಲೇ ಹಾಕಿದ್ಯ?"

"ಇನ್ನೇನು, ಚೊಂಬಲ್ಲಿ ಹಾಕ್ಲ?" ಎಂದೆ.

ಮೈಸೂರಿನವರಿಗೆ ಫೋನು ಮಾಡಿದಳು. ಅವರು ಆ ಕಡೆಯಿಂದ ಏನೋ ಕೇಳಿದರು. ಇವಳು ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ತಿರುಗಿದಳು: "ಅಜ್ಜಿ, ನೀರಿಗೆ ತಾಮ್ರ ಏನಾದ್ರೂ ಮುಟ್ಟಿತ್ತಾ? ತಾಮ್ರದ ಬಿಂದಿಗೆ, ಚೊಂಬು — ಏನಾದ್ರೂ? ನೆನಪು ಮಾಡ್ಕೊ."

ಮೈಲುತುತ್ತ ತಾಮ್ರದ್ದೇ ಎಂದು ನನಗೆ ಗೊತ್ತಿತ್ತು. ತೋಟದವರಿಗೆಲ್ಲ ಗೊತ್ತಿರುವ ವಿಷಯ. "ತಾಮ್ರದ ಬಿಂದಿಗೆ ನಾನು ಮುಟ್ಟೇ ಇಲ್ಲ" ಎಂದೆ. ಮಾತಿನ ಮಟ್ಟಿಗೆ ಸುಳ್ಳಲ್ಲ. ಅದಕ್ಕೇ ಅದು ಸುಳ್ಳಿಗಿಂತ ಹೊಲಸು.

ತಾಮ್ರ ಅಲ್ಲದಿದ್ದರೆ ಇದು ರೋಗ, ಈ ತೊಟ್ಟಿಯದು ಏನನ್ನೂ ಇನ್ನೊಂದಕ್ಕೆ ಮುಟ್ಟಿಸಬೇಡಿ ಎಂದರಂತೆ ಅವರು. ರಘುವಿಗೆ ತಡೆಯಲಾಗಲಿಲ್ಲ. "ಇನ್ನೂ ಅರ್ಧ ಜೀವ ಅದೆ ಕಣ್ ಮಗ. ನನ್ ಟ್ಯಾಂಕಿಗೆ ಹಾಕು, ಏನಾದ್ರೂ ಆಗ್ಲಿ" ಎಂದ. ಅವಳು ತಲೆಯಾಡಿಸಿದಳು. "ಬೇಡಪ್ಪ. ರೋಗ ಆದ್ರೆ ನಿಂದೂ ಹೋಗುತ್ತೆ." ಅಪ್ಪನದು ಉಳಿಯಲೆಂದು ತನ್ನದನ್ನು ಕೈಯಾರೆ ಸಾಯಲು ಬಿಟ್ಟಳು. ನಾನು ಒಂದು ಮಾತು ಹೇಳಿದ್ದರೆ ಆ ಸಂಜೆಯೇ ಅರ್ಧದಷ್ಟು ಹವಳ ಒಳ್ಳೆಯ ನೀರು ಸೇರಿ ಬದುಕುತ್ತಿತ್ತು. ನಾನು ಬಾಗಿಲಿಗೊರಗಿ ನಿಂತು ನೋಡುತ್ತಿದ್ದೆ. ಐದು ದಿನದಲ್ಲಿ ಅವೆಲ್ಲ ಸುಣ್ಣದ ಕಡ್ಡಿಗಳಾದವು.

ಆರನೆಯ ದಿನ ಊಟಕ್ಕೆ ಕೂತಾಗ ಅವಳು ಮತ್ತೆ ಕೆದಕಿದಳು. "ಏನೋ ಒಂದು ಬಿದ್ದಿರ್ಲೇಬೇಕು. ತಾನಾಗೇ ಹಿಂಗಾಗಲ್ಲ." ರಘು, ಸುಮಿತ್ರ ಇಬ್ಬರೂ ನನ್ನ ಮುಖ ನೋಡಿದರು — ಸಂಶಯದಿಂದಲ್ಲ, ಸುಮ್ಮನೆ ನೋಡಿದರು. ನನಗೆ ಹೆದರಿಕೆಯಾಯಿತು. ನಾನು ನೆಟ್ಟದ್ದು ಸಾಯುವುದಿಲ್ಲ ಎಂಬ ಹೆಸರು ಹೋಗುತ್ತದಲ್ಲ ಎಂಬ ಹೆದರಿಕೆ. ಅದಕ್ಕೇ ಹೇಳಿದೆ: "ಏನೂ ಬಿದ್ದಿಲ್ಲ. ನಿನ್ನ ಕೈಗುಣ ಸರಿಯಿಲ್ಲ ಕಣೆ. ಕೆಲವರ ಕೈಯೇ ಹಂಗೆ, ಮುಟ್ಟಿದ್ದು ಬದುಕಲ್ಲ. ಇನ್ನು ಕೇಳೋದೇನೈತೆ, ರಘುದೇ ಇರ್ಲಿ."

ತೀರ್ಪು ಕೊಟ್ಟ ಹಾಗೂ ಆಯಿತು, ಬಾಯಿ ಮುಚ್ಚಿಸಿದ ಹಾಗೂ ಆಯಿತು. ಅವಳು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದು, ಕೈ ತೊಳೆದು, ಒಳಗೆ ಹೋದಳು.

ಮಂಗಳೂರಿನ ಕಾಲೇಜಿನಲ್ಲಿ ಸೀಟು ಸಿಗುವಷ್ಟು ನಂಬರು ಬಂದಿತ್ತು. ಅವಳು ಹೋಗಲಿಲ್ಲ. "ಜೀವ ಇರೋದ್ರ ಸಹವಾಸ ನಂಗ್ ಬೇಡ" ಎಂದು ಇಲ್ಲೇ ಬಿ.ಕಾಂ. ಮಾಡಿದಳು. ಈಗ ಬೇರೆ ಊರಿನ ಒಂದು ಆಫೀಸಿನಲ್ಲಿ ಕೆಲಸ, ರಜೆಯಲ್ಲಿ ಮನೆಗೆ ಬರುತ್ತಾಳೆ. ಕೆಲಸ ಕೆಟ್ಟದ್ದಲ್ಲ, ಆದರೆ ಅದು ಅವಳು ಬಯಸಿದ್ದಲ್ಲ. ರಘುವಿನ ತೊಟ್ಟಿಯನ್ನೂ ಮೂರು ವರ್ಷದ ಹಿಂದೆ ಮೈಸೂರಿನವರಿಗೇ ಕೊಟ್ಟೆವು. ಮಗಳು ಜೊತೆಗಿಲ್ಲದ ಮೇಲೆ ಅವನಿಗೂ ಅದು ಬೇಸರವಾಗಿತ್ತು.

ಹೋದ ತಿಂಗಳು ಸುಮಿತ್ರ ಹಿತ್ತಲಲ್ಲಿ ಮೆಣಸಿನಕಾಯಿ ಬೀಜ ಹಾಕುತ್ತ ಮಗಳನ್ನು ಕರೆದಳು. ಅವಳು ಎರಡೂ ಕೈ ಹಿಂದೆ ಕಟ್ಟಿಕೊಂಡು ನಕ್ಕಳು: "ನಾನ್ ಹಾಕಿದ್ರೆ ಹುಟ್ಟುತ್ತಾ ಅಮ್ಮ? ಅಜ್ಜೀನ ಕರಿ." ಇಪ್ಪತ್ತನಾಲ್ಕು ವರ್ಷದ ಹುಡುಗಿ, ಒಂದು ಬೀಜ ಮುಟ್ಟಲು ಹೆದರುತ್ತಾಳೆ.

ಆ ದಿನ ಅವಳನ್ನು ಪಕ್ಕಕ್ಕೆ ಕರೆದೆ. ನಿಜ ಹೇಳಲೆಂದೇ ಕರೆದದ್ದು. ಬಾಯಿಗೆ ಬಂದದ್ದು ಬೇರೆ. "ಅವತ್ತು ಏನೋ ಸಿಟ್ಟಲ್ಲಿ ಅಂದಿದ್ದು ಕಣೆ. ನಿನ್ ಕೈಗುಣಕ್ಕೇನೂ ಆಗಿಲ್ಲ."

ಅವಳು ನನ್ನ ಸೆರಗು ಸರಿ ಮಾಡುತ್ತ, "ಬಿಡಜ್ಜಿ, ಸಮಾಧಾನ ಮಾಡಕ್ಕೆ ಬರ್ಬೇಡ. ಬೇರೆಯವ್ರು ಅಂದಿದ್ರೆ ನಾನು ನಂಬ್ತಿರ್ಲಿಲ್ಲ. ನೀನು ಸುಳ್ಳು ಹೇಳೋಳಲ್ಲ" ಎಂದಳು.

ನಾನು ಹೋಗಿ ಸೊಸೆಯ ಕೈಯಿಂದ ಬೀಜ ಇಸಿದುಕೊಂಡು ಊರಿದೆ.

ಈ ಭಾನುವಾರ ಅವಳು ಊಟಕ್ಕೆ ಬರುತ್ತಾಳೆ. ಪಕ್ಕಕ್ಕೆ ಕರೆದು ಪಿಸುಗುಟ್ಟುವುದಿಲ್ಲ. ಆ ಮಾತು ಆಡಿದ್ದು ಎಲ್ಲರೂ ಊಟಕ್ಕೆ ಕೂತಿದ್ದಾಗ. ಈ ಮಾತೂ ಎಲ್ಲರೂ ಕೂತಿರುವಾಗಲೇ ಆಗಬೇಕು. ಕ್ಷಮಿಸು ಎಂದು ಕೇಳುವುದಿಲ್ಲ. ಅವಳು ಒಳ್ಳೆಯ ಹುಡುಗಿ, ಕೇಳಿದರೆ ಕೊಟ್ಟುಬಿಡುತ್ತಾಳೆ. ಬಕೆಟ್ಟಿನ ಮಾತು ಆಮೇಲೆ ಹೇಳಿದರೂ ನಡೆಯುತ್ತದೆ, ಅದು ಮುದುಕಿಯ ಉದಾಸೀನ ಎಂದು ಯಾರಾದರೂ ಒಪ್ಪಿಯಾರು. ತಾಮ್ರ ಮುಟ್ಟಿತ್ತಾ ಎಂದು ಅವಳು ಫೋನು ಹಿಡಿದು ಕೇಳಿದಳಲ್ಲ — ಆಗ ನನಗೆ ಗೊತ್ತಿತ್ತು ಎಂಬುದನ್ನು ಮೊದಲು ಹೇಳುತ್ತೇನೆ.