ಹೆಸರಿಡುವ ಮೊದಲೇ ಹೋದವನು

ಎಷ್ಟು ಹೆತ್ತಿದ್ದೀರಿ? ಅವುಗಳಲ್ಲಿ ಎಷ್ಟು ಬದುಕಿವೆ?

ಮಿಶಿಗನ್ನಿಗೆ ಬಂದ ಮೂರನೇ ತಿಂಗಳು ಹೆರಿಗೆ ಕ್ಲಿನಿಕ್ಕಿನ ಕಾಗದವೊಂದು ಹೀಗೆ ಕೇಳಿತು. ನಮ್ಮ ಬಾಗಲಕೋಟೆಯಲ್ಲಿ ಬಸುರಿಯ ಮುಂದೆ ಯಾರಾದರೂ ಹೀಗೆ ಬಾಯಿಬಿಟ್ಟರೆ ಅವ್ವ ಜಾಡಿಸಿಬಿಡುತ್ತಿದ್ದಳು. ‘ಇದೇ ಮೊದಲು’ ಎಂದು ಬರೆದು ಕೊಟ್ಟೆ.

ಬರೆದದ್ದು ಸುಳ್ಳು. ಎರಡು ವರ್ಷದ ಹಿಂದೆ, ತವರಿನಲ್ಲಿ, ಎಂಟನೇ ತಿಂಗಳಿಗೇ ಹುಟ್ಟಿದ ನನ್ನ ಗಂಡುಮಗು ಒಂಬತ್ತನೇ ದಿನ ತೀರಿಕೊಂಡಿತ್ತು. ಹಾಲು ಚೀಪುವ ಶಕ್ತಿಯೂ ಅದಕ್ಕಿರಲಿಲ್ಲ. ಎಳೆಗೂಸನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಇದ್ದದ್ದು ದೂರದ ಹುಬ್ಬಳ್ಳಿಯಲ್ಲಿ. ನಾವು ಕೂಸಿಗೆ ಕೌದಿ ಸುತ್ತಿ ಮನೆಯಲ್ಲೇ ಕಾದೆವು. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋದ ಕೂಸನ್ನು ನಮ್ಮ ಮನೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. “ಅದರ ಮಾತ ಎತ್ತಬ್ಯಾಡ, ಮುಂದಿನದಕ್ಕ ಛಲೋ ಅಲ್ಲ,” ಎಂದಿದ್ದಳು ಅವ್ವ. ನಾನು ಎತ್ತಲಿಲ್ಲ.

ಊರಲ್ಲಿ ಬಸುರಿ ಎಂದರೆ ಓಣಿಯೇ ಅಡುಗೆಮನೆಗೆ ಬರುತ್ತದೆ. ಮಿಶಿಗನ್ನಿನ ಈ ನಾರ್ತ್‌ವಿಲ್ಲಿನಲ್ಲಿ ಬಾಗಿಲು ಬಡಿಯುವವರೇ ಇಲ್ಲ. ಗಂಡ ಕಾರ್ಖಾನೆಯ ಶಿಫ್ಟಿಗೆ ಹೋದರೆ ನಾನು, ಹಿಮ, ಹೀಟರಿನ ಸದ್ದು, ಇಷ್ಟೇ. ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದವರು ಪಕ್ಕದ ಮನೆಯ ಶಾರದಾ ಆಂಟಿ, ಮೈಸೂರಿನವರು.

ಬಸಿರಿನ ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಅವರ ಕಾರಿನಲ್ಲೇ, ಕಿಬ್ಬೊಟ್ಟೆ ಬಿಗಿಯತೊಡಗಿತು. ಗುರುತಿನ ನೋವು. ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿದೆ.

“ಹೆದರ್ಕೋಬೇಡಮ್ಮಾ, ಮೊದಲನೇದಲ್ವಾ, ಹೀಗೇ ಇರುತ್ತೆ.”

“ಮೊದಲನೇದಲ್ರೀ ಆಂಟಿ,” ಎಂದುಬಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಆಂಟಿ ಕಾರು ಬದಿಗೆ ನಿಲ್ಲಿಸಿದರು. “ಡಾಕ್ಟರ್‌ಗೆ ಹೇಳಿದೀಯಾ?”

“ಇಲ್ರಿ.”

“ಅಯ್ಯೋ ಹುಚ್ಚೀ! ಇದನ್ನೆಲ್ಲ ಮುಚ್ಚಿಡ್ತಾರಾ?” ಬೈಯುತ್ತಲೇ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಹಿಡಿದು ಆಸ್ಪತ್ರೆಗೆ ಓಡಿಸಿದರು.

ಡಾಕ್ಟರ್ ಬೈಯಲಿಲ್ಲ. ಒಮ್ಮೆ ಬೇಗ ಹೆತ್ತವಳು ಮತ್ತೆ ಬೇಗ ಹೆರಬಹುದು, ಗೊತ್ತಿದ್ದರೆ ಮೊದಲಿನಿಂದಲೇ ಕಣ್ಣಿಡುತ್ತಿದ್ದೆವು ಎಂದರು. ಅವರು ಬೈದಿದ್ದರೇ ಚೆನ್ನಾಗಿತ್ತು. ಒಂದನ್ನು ಮುಚ್ಚಿಡಲು ಹೋಗಿ ಇನ್ನೊಂದನ್ನೂ ಕಳೆದುಕೊಳ್ಳುತ್ತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನೋವು ನಿಲ್ಲಿಸಲು ಔಷಧಿ ಕೊಟ್ಟರು. ವಾರಗಟ್ಟಲೆ ಮಲಗಿಸಿದರು.

ಒಂಬತ್ತು ತುಂಬಿ ಮಗಳು ಹುಟ್ಟಿದಳು, ಆಸ್ಪತ್ರೆ ಹಾರಿಹೋಗುವಂತೆ ಚೀರುತ್ತ. ಕಾಲಿಂಗ್ ಕಾರ್ಡ್ ಕೆರೆದು, ಅದರ ನಂಬರು ಒತ್ತಿ ಊರಿಗೆ ಫೋನ್ ಮಾಡಿದೆ.

“ಮೊದಲನೇ ಕೂಸು ಅಂತ ಓಣಿಗೆಲ್ಲಾ ಸಕ್ಕರಿ ಹಂಚತೀನವಾ,” ಎಂದಳು ಅವ್ವ.

“ಎರಡನೇದು, ಯವ್ವಾ.”

ಇನ್ನು ಜಾಡಿಸುತ್ತಾಳೆ ಎಂದುಕೊಂಡೆ. ಕೇಳಿಸಿದ್ದು ಬಿಕ್ಕುವ ಸದ್ದು.

“ಅವಂದು ನಿಮ್ಮಪ್ಪನ ಮೂಗ ಇತ್ತು,” ಎಂದಳು.

ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಅವನಿಗಾಗಿ ಕೂಡಿ ಅತ್ತಿರಲಿಲ್ಲ. ಅಳುವ ಹೊತ್ತಿಗೆ ಅವಳು ಬಾಗಲಕೋಟೆಯಲ್ಲಿದ್ದಳು, ನಾನು ಮಿಶಿಗನ್ನಿನಲ್ಲಿ. ಕಣ್ಣೊರೆಸಲು ಒಬ್ಬರ ಕೈ ಒಬ್ಬರಿಗೆ ಎಟುಕಲಿಲ್ಲ.